ಮನೆಯಿಲ್ಲದ ಮಗುವಿನ ಶಾಲೆ ಮತ್ತು ಸುಫ್ಫಾದ ಚಾವಣಿ

ಕಳೆದ ಎರಡು ಜುಮಾಗಳ ಖುತ್ಬಾದಲ್ಲಿ ನಾವು ಮನೆಯಿಲ್ಲದ ಕುಟುಂಬಗಳ ಮಕ್ಕಳ ವಿದ್ಯಾಭ್ಯಾಸದ ಬಗ್ಗೆ ಮಾತನಾಡಿದೆವು. ಖುತ್ಬಾಕ್ಕೆ ಸಿಗುವ ಸಮಯ ಕಡಿಮೆ. ನಮಾಝ್ ಮುಗಿದ ಮೇಲೆ ಹಲವು ಸಹೋದರರು ನಿಂತು ಪ್ರಶ್ನೆ ಕೇಳಿದರು. ಸಹೋದರಿಯರು ಮನೆಯವರ ಕೈಯಲ್ಲಿ ಚೀಟಿ ಬರೆದು ಕಳುಹಿಸಿದರು. ಆಧಾರ್ ಕಾರ್ಡ್ ಇಲ್ಲದ ಮಗುವನ್ನು ಶಾಲೆಗೆ ಸೇರಿಸಿಕೊಳ್ಳುತ್ತಾರೆಯೇ? ಹತ್ತು ವರ್ಷವಾದರೂ ಅಕ್ಷರ ಗೊತ್ತಿಲ್ಲದ ಹುಡುಗಿಯನ್ನು ಯಾವ ತರಗತಿಗೆ ಹಾಕುವುದು? ಪಾಠ ಹೇಳುವವರ ಸಂಬಳಕ್ಕೆ ಝಕಾತ್ ಕೊಡಬಹುದೇ? ಇವೆಲ್ಲ ಕೆಲಸಕ್ಕೆ ಬರುವ ಪ್ರಶ್ನೆಗಳು. ಆದ್ದರಿಂದ ಖುತ್ಬಾದ ಸಾರಾಂಶದೊಂದಿಗೆ ಉತ್ತರಗಳನ್ನೂ ಸೇರಿಸಿ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಮನೆಯಿಲ್ಲದವರು ಎಂದರೆ ಯಾರು? 2011ರ ಜನಗಣತಿಯ ಸಮಯದಲ್ಲಿ ಫೆಬ್ರವರಿ 28ರ ರಾತ್ರಿ ಗಣತಿದಾರರು ಬೀದಿಗಿಳಿದು ಇಂಥವರನ್ನು ಎಣಿಸಿದರು. ರಸ್ತೆ ಬದಿ, ಫುಟ್‌ಪಾತ್, ದೊಡ್ಡ ಸಿಮೆಂಟ್ ಪೈಪು, ಮೇಲ್ಸೇತುವೆಯ ಕೆಳಗೆ, ಮೆಟ್ಟಿಲುಗಳ ಅಡಿ, ರೈಲ್ವೆ ಪ್ಲಾಟ್‌ಫಾರ್ಮ್ ಇಲ್ಲೆಲ್ಲ ಮಲಗುವವರು ಆ ಲೆಕ್ಕಕ್ಕೆ ಬಂದರು. ಆ ಪಟ್ಟಿಯಲ್ಲಿ ಪ್ರಾರ್ಥನಾ ಸ್ಥಳಗಳ ಬಯಲೂ ಇದೆ ಎಂಬುದನ್ನು ನಾವು ಗಮನಿಸಬೇಕು. ದೇಶದಲ್ಲಿ 17 ಲಕ್ಷ 70 ಸಾವಿರಕ್ಕೂ ಹೆಚ್ಚು, ನಮ್ಮ ರಾಜ್ಯದಲ್ಲಿ 76 ಸಾವಿರಕ್ಕೂ ಹೆಚ್ಚು ಜನ ಹೀಗಿದ್ದರು. ಖಾಲಿ ಸೈಟಿನಲ್ಲಿ ಟಾರ್ಪಾಲು ಕಟ್ಟಿಕೊಂಡವರು, ಕಟ್ಟುತ್ತಿರುವ ಕಟ್ಟಡದ ನೆಲಮಾಳಿಗೆಯಲ್ಲಿ ಒಲೆ ಹೂಡಿದವರು, ಗುಜರಿ ಅಂಗಡಿಯ ಹಿಂದೆ ಚಿಂದಿಯ ರಾಶಿಯ ಪಕ್ಕದಲ್ಲೇ ಸಂಸಾರ ಮಾಡುವವರು ಇವರನ್ನೂ ನಾವು ಈ ಲೇಖನದಲ್ಲಿ ಮನೆಯಿಲ್ಲದವರೆಂದೇ ಕರೆಯುತ್ತೇವೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗುಳೆ ಬಂದ ಕುಟುಂಬಗಳು ಇವರಲ್ಲಿವೆ. ಬೆಂಗಳೂರಿನಲ್ಲಾದರೆ ಬಂಗಾಳ, ಅಸ್ಸಾಮಿನಿಂದ ಬಂದವರೂ ಇದ್ದಾರೆ.

ಈ ಮಕ್ಕಳು ನಮಗೆ ಅಪರಿಚಿತರಲ್ಲ. ಪ್ರತಿ ಶುಕ್ರವಾರ ಚಪ್ಪಲಿ ಬಿಡುವ ಜಾಗದಲ್ಲಿ ಅವರನ್ನು ನೋಡುತ್ತೇವೆ. ಜುಮಾ ಮುಗಿಸಿ ಹೊರಬರುವಾಗ ಜೇಬಿನಲ್ಲಿದ್ದ ಚಿಲ್ಲರೆಯನ್ನು ಅವರ ಕೈಗಿಟ್ಟು ಸವಾಬ್ ಸಿಕ್ಕಿತೆಂದುಕೊಂಡು ಮನೆಗೆ ಬಿರಿಯಾನಿ ಊಟಕ್ಕೆ ಹೋಗುತ್ತೇವೆ. ಸ್ವಲ್ಪ ಯೋಚಿಸಿ. ಶುಕ್ರವಾರ ಶಾಲೆಯ ದಿನ. ಒಂದೂವರೆ ಗಂಟೆಗೆ ಆ ಮಗು ಶಾಲೆಯಲ್ಲಿ ಬಿಸಿಯೂಟದ ತಟ್ಟೆಯ ಮುಂದೆ ಕೂತಿರಬೇಕಿತ್ತು. ಅದು ನಮ್ಮ ಬಾಗಿಲಲ್ಲಿರುವುದು ನಮ್ಮ ಚಿಲ್ಲರೆಯ ಮೇಲಿನ ಭರವಸೆಯಿಂದ. ಮಕ್ಕಳ ಕೈಗೆ ಕಾಸು ಹಾಕುವುದನ್ನು ನಿಲ್ಲಿಸಿ ಎಂದು ಖುತ್ಬಾದಲ್ಲಿ ನಾವು ಹೇಳಿದ್ದು ಕೆಲವರಿಗೆ ಕಠಿಣವೆನಿಸಿತು. ಕೇಳುವವನನ್ನು ಗದರಿಸಬಾರದೆಂದು ಸೂರಃ ಅದ್ದುಹಾದಲ್ಲಿ ಬಂದಿಲ್ಲವೇ ಎಂದು ಒಬ್ಬ ಹಿರಿಯರು ಕೇಳಿದರು. ಬಂದಿದೆ, ಗದರಿಸುವ ಮಾತು ನಾವೂ ಆಡಿಲ್ಲ. ಕೊಡುವುದನ್ನು ಮಗುವಿನ ತಾಯಿ ಇರುವಲ್ಲಿಗೆ ಹೋಗಿ, ಹೆಚ್ಚಾಗಿಯೇ ಕೊಡಿ, ಮಗು ಶಾಲೆಗೆ ಹೋಗುವ ಹಾಗೆ ಕೊಡಿ ಎಂದಷ್ಟೇ ನಮ್ಮ ಮಾತು.

ಇನ್ನು ಸುಫ್ಫಾದ ವಿಷಯ. ಹಿಜ್‌ರಾದ ನಂತರ ಮದೀನಾಕ್ಕೆ ಬಂದವರಿಗೆಲ್ಲ ಉಳಿದುಕೊಳ್ಳಲು ಬಂಧುಗಳ ಮನೆ ಇರಲಿಲ್ಲ. ಕಿಬ್ಲಾ ಬೈತುಲ್ ಮುಕದ್ದಿಸ್‌ನಿಂದ ಕಅಬಾದ ಕಡೆಗೆ ಬದಲಾದಾಗ ಮಸ್ಜಿದುನ್ನಬವಿಯ ಉತ್ತರ ಭಾಗದ ಚಾವಣಿ ಹಿಂಬದಿಗೆ ಉಳಿಯಿತು. ಆ ನೆರಳಿನಲ್ಲಿ ಮನೆ ಮಠ ಇಲ್ಲದವರು ವಾಸವಾದರು. ಅವರೇ ಅಹ್ಲುಸ್ಸುಫ್ಫಾ. ಅವರ ಸಂಖ್ಯೆ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಮೈಮೇಲೆ ಹೊದೆಯಲು ಎರಡನೆಯ ಬಟ್ಟೆ ಇಲ್ಲದ ಎಪ್ಪತ್ತು ಮಂದಿಯನ್ನು ಅಲ್ಲಿ ಕಂಡಿದ್ದಾಗಿ ಅಬೂಹುರೈರಾ(ರ) ಹೇಳಿದ್ದು ಬುಖಾರಿಯಲ್ಲಿದೆ. ಪ್ರವಾದಿ(ಸ)ರ ಬಳಿಗೆ ಸದಕಾ ಬಂದರೆ ಅದನ್ನು ಪೂರ್ತಿ ಅವರಿಗೇ ಕಳುಹಿಸುತ್ತಿದ್ದರು. ಉಡುಗೊರೆ ಬಂದರೆ ಅವರನ್ನು ಕರೆದು ಜೊತೆಗೂಡಿ ತಿನ್ನುತ್ತಿದ್ದರು. ಇಬ್ಬರ ಊಟವಿರುವ ಮನೆಯವರು ಮೂರನೆಯವರನ್ನು ಕರೆದೊಯ್ಯಬೇಕೆಂದು ಹೇಳಿದಾಗ ಅಬೂಬಕರ್(ರ) ಮೂವರನ್ನು ಕರೆದುಕೊಂಡು ಹೋದರು, ಪ್ರವಾದಿ(ಸ)ರು ಹತ್ತು ಮಂದಿಯನ್ನು.

ಸುಫ್ಫಾ ಎಂದರೆ ಅನ್ನಛತ್ರವಷ್ಟೇ ಎಂದು ತಿಳಿಯಬಾರದು. ಅದು ಪಾಠಶಾಲೆಯೂ ಆಗಿತ್ತು. ಉಬಾದಃ ಬಿನ್ ಸಾಮಿತ್(ರ) ಅಲ್ಲಿಯವರಿಗೆ ಕುರ್‌ಆನನ್ನೂ ಬರೆಯುವುದನ್ನೂ ಕಲಿಸುತ್ತಿದ್ದರು. ಕಲಿತವರೊಬ್ಬರು ಅವರಿಗೆ ಒಂದು ಬಿಲ್ಲನ್ನು ಕಾಣಿಕೆ ಕೊಟ್ಟರು. ಅದನ್ನು ಇಟ್ಟುಕೊಳ್ಳಲೇ ಎಂದು ಕೇಳಿದಾಗ ಪ್ರವಾದಿ(ಸ)ರು ಕಠಿಣವಾಗಿ ಎಚ್ಚರಿಸಿದರು. ಅಬೂದಾವೂದ್‌ನಲ್ಲಿ ಈ ಪ್ರಸಂಗವಿದೆ. ಕಲಿಸುವವರು ಸಂಬಳ ಪಡೆಯುವುದು ಸರಿಯೋ ತಪ್ಪೋ ಎಂಬ ಚರ್ಚೆಗೆ ಉಲಮಾಗಳು ಇದನ್ನು ಎತ್ತುತ್ತಾರೆ, ಸಂಬಳಕ್ಕೆ ಅನುಮತಿ ಇರುವುದೂ ನಿಮಗೆ ಗೊತ್ತು (ಇಲ್ಲದಿದ್ದರೆ ನಮ್ಮಂಥ ಇಮಾಮರ ಗತಿಯೇನು?). ನಾವು ಇಲ್ಲಿ ನೋಡುವುದು ಬೇರೆ ವಿಷಯ. ಹೊದೆಯಲು ಬಟ್ಟೆ ಇಲ್ಲದವನ ಕೈಗೂ ಅಲ್ಲಿ ಬರೆಯುವುದನ್ನು ಕಲಿಸಿದರು. ಮೊದಲು ಹೊಟ್ಟೆ, ಬಟ್ಟೆ, ಮನೆ ಆಗಲಿ, ಓದು ಆಮೇಲೆ ನೋಡೋಣ ಎಂದು ಯಾರೂ ಹೇಳಲಿಲ್ಲ.

ಅದರ ಫಲ ಏನಾಯಿತು? ಅತಿ ಹೆಚ್ಚು ಹದೀಸ್‌ಗಳನ್ನು ವರದಿ ಮಾಡಿದ ಸಹಾಬಿ ಅಬೂಹುರೈರಾ(ರ), ಐದು ಸಾವಿರಕ್ಕೂ ಮೇಲೆ. ಅವರು ಸುಫ್ಫಾದಲ್ಲಿ ಮಲಗುತ್ತಿದ್ದವರು, ಹಸಿವಿನಿಂದ ಹೊಟ್ಟೆಗೆ ಕಲ್ಲು ಕಟ್ಟಿಕೊಂಡವರು. ಮುಹಾಜಿರ್ ಸಹೋದರರು ಮಾರುಕಟ್ಟೆಯಲ್ಲಿ, ಅನ್ಸಾರ್ ಸಹೋದರರು ತೋಟಗಳಲ್ಲಿ ತೊಡಗಿರುವಾಗ ತಾನು ಹೊಟ್ಟೆಗೆ ಸಿಕ್ಕಷ್ಟರಲ್ಲೇ ತೃಪ್ತಿಪಟ್ಟು ಪ್ರವಾದಿ(ಸ)ರ ಬಳಿಯೇ ಇದ್ದೆ, ಅವರು ಕೇಳದ್ದನ್ನು ಕೇಳಿದೆ, ಅವರು ಮರೆತದ್ದನ್ನು ನೆನಪಿಟ್ಟೆ ಎಂಬರ್ಥದಲ್ಲಿ ಅವರೇ ಹೇಳಿದ್ದಾರೆ. ಒಂದು ಚಾವಣಿ, ಒಂದು ಹೊತ್ತಿನ ಊಟ, ಕಲಿಯಲು ಬಿಡುವು ಇವಿಷ್ಟು ಆ ಸಮಾಜ ಅವರಿಗೆ ಕೊಟ್ಟಿತು. ಇಂದು ನಾವು ಮಿಂಬರಿನಿಂದ ಓದುವ ಹದೀಸ್‌ಗಳಲ್ಲಿ ದೊಡ್ಡ ಪಾಲು ಆ ಚಾವಣಿಯ ಕೆಳಗಿನಿಂದ ಬಂದದ್ದು.

ಸುಫ್ಫಾದ ಇನ್ನೊಂದು ಪ್ರಸಂಗ ನಮ್ಮ ದಾನದ ರೀತಿಗೆ ಸಂಬಂಧಿಸಿದ್ದು. ಅನ್ಸಾರರು ತಮ್ಮ ತೋಟದ ಖರ್ಜೂರದ ಗೊನೆಗಳನ್ನು ತಂದು ಮಸೀದಿಯ ಎರಡು ಕಂಬಗಳ ನಡುವೆ ಕಟ್ಟಿದ ಹಗ್ಗಕ್ಕೆ ತೂಗುಹಾಕುತ್ತಿದ್ದರು. ಹಸಿದವರು ಕೋಲಿನಿಂದ ತಟ್ಟಿ ಉದುರಿಸಿಕೊಂಡು ತಿನ್ನುತ್ತಿದ್ದರು. ಕೆಲವರು ಮಾತ್ರ ಒಣಗಿದ, ಕೆಟ್ಟ ಗೊನೆಗಳನ್ನು ತಂದು ಸೇರಿಸಿದರು. ಸೂರಃ ಅಲ್‌ಬಕರದ 267ನೇ ಸೂಕ್ತ ಆ ಸಂದರ್ಭದಲ್ಲಿ ಇಳಿಯಿತೆಂದು ತಿರ್ಮಿದಿಯಲ್ಲಿದೆ. ನಿಮಗೆ ಯಾರಾದರೂ ಕೊಟ್ಟರೆ ಕಣ್ಣು ಮುಚ್ಚಿಕೊಂಡಲ್ಲದೆ ತೆಗೆದುಕೊಳ್ಳಲಾರದಂಥದ್ದನ್ನು ಅಲ್ಲಾಹನ ಮಾರ್ಗದಲ್ಲಿ ಕೊಡಬೇಡಿ ಎಂಬುದು ಅದರ ಭಾವ. ನಮ್ಮ ಮಸೀದಿಯ ಕಚೇರಿಗೆ ಪ್ರತಿ ವರ್ಷ ಬರುವ ಚೀಲಗಳನ್ನು ಬಿಚ್ಚಿದಾಗ ಈ ಸೂಕ್ತ ನೆನಪಾಗುತ್ತದೆ. ಜಿಪ್ ಹಾಳಾದ ಬ್ಯಾಗು, ಅರ್ಧ ಬರೆದ ನೋಟ್‌ಬುಕ್ಕು, ಬೇರೆ ಶಾಲೆಯ ಲಾಂಛನವಿರುವ ಸ್ವೆಟರು. ಮನೆಯಿಲ್ಲದ ಮಗು ತರಗತಿಗೆ ಹೋದ ಮೊದಲ ದಿನವೇ ಉಳಿದ ಮಕ್ಕಳು ಅದರ ಬ್ಯಾಗು ನೋಡುತ್ತಾರೆ. ಕೊಟ್ಟ ಮೇಲೆ ಮಗುವನ್ನು ನಿಲ್ಲಿಸಿ ಫೋಟೋ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಅಭ್ಯಾಸವೂ ಬೇಡ. ಆ ಮಗುವಿನ ಸಹಪಾಠಿಯ ತಂದೆಯೂ ಅದೇ ಗುಂಪಿನಲ್ಲಿರುತ್ತಾರೆ.

ಈಗ ಕಾನೂನಿನ ಪ್ರಶ್ನೆಗಳು. ನಮ್ಮ ಮಹಲ್ಲಾದ ಅಂಚಿನಲ್ಲಿ ಟಾರ್ಪಾಲಿನ ಕೆಳಗಿರುವ ಒಬ್ಬ ತಾಯಿ ಹತ್ತು ವರ್ಷದ ಮಗಳನ್ನು ಕರೆದುಕೊಂಡು ಒಂದು ಶಾಲೆಗೆ ಹೋದಳು. ವಿಳಾಸದ ದಾಖಲೆ ತನ್ನಿ ಎಂದರು. ಎರಡನೇ ಸಲ ಜನನ ಪ್ರಮಾಣಪತ್ರ ಕೇಳಿದರು. ಮೂರನೇ ಸಲ ವರ್ಷದ ನಡುವೆ ಸೇರಿಸಿಕೊಳ್ಳುವುದಿಲ್ಲ, ಜೂನ್‌ನಲ್ಲಿ ಬನ್ನಿ ಎಂದರು. "ಹಝ್ರತ್, ಕೂಲಿ ಬಿಟ್ಟು ಇನ್ನೆಷ್ಟು ಸಲ ಹೋಗಲಿ?" ಎಂದು ಆಕೆ ಕೇಳಿದಳು. ಒಂದು ದಿನದ ಕೂಲಿ ಹೋದರೆ ಆ ದಿನ ರಾತ್ರಿ ಅಡುಗೆ ಇಲ್ಲ ಎಂಬುದು ನಾಲ್ಕು ಗೋಡೆಯೊಳಗಿರುವ ನಮಗೆ ಬೇಗ ಅರ್ಥವಾಗುವುದಿಲ್ಲ.

ಶಾಲೆಯವರು ಕೊಟ್ಟ ಮೂರು ಕಾರಣಗಳಲ್ಲಿ ಒಂದೂ ಕಾನೂನಿನಲ್ಲಿ ನಿಲ್ಲುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ, ಅಂದರೆ ನಾವು ಆರ್‌ಟಿಇ ಎನ್ನುವ ಕಾಯ್ದೆ, 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಅನ್ವಯಿಸುತ್ತದೆ. ಸೀಟು ಹಂಚುವ ಲಾಟರಿ ಮಾತ್ರ ಆರ್‌ಟಿಇ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ, ಅದು ಆ ಕಾಯ್ದೆಯ ಒಂದು ಮೂಲೆ ಅಷ್ಟೇ. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಮಗುವನ್ನು ತಿರಸ್ಕರಿಸಬಾರದೆಂದು 14ನೇ ಕಲಂ ಹೇಳುತ್ತದೆ. ಆಸ್ಪತ್ರೆಯ ದಾಖಲೆಯೋ ಅಂಗನವಾಡಿಯ ದಾಖಲೆಯೋ ಇಲ್ಲದಿದ್ದರೆ ತಂದೆತಾಯಿ ಬರೆದುಕೊಡುವ ಘೋಷಣೆಯನ್ನೇ ಒಪ್ಪಬೇಕು. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕೆಂದು 15ನೇ ಕಲಂ. ಹಿಂದಿನ ಶಾಲೆಯ ಟಿಸಿ ಬರುವುದು ತಡವಾದರೆ ಅದನ್ನು ನೆಪ ಮಾಡಬಾರದೆಂದು 5ನೇ ಕಲಂ. ವಲಸೆ ಬಂದ ಕುಟುಂಬಗಳ ಮಕ್ಕಳನ್ನು ಸೇರಿಸುವುದು ಸ್ಥಳೀಯ ಆಡಳಿತದ ಕರ್ತವ್ಯವೆಂದು 9ನೇ ಕಲಂನಲ್ಲಿ ಪ್ರತ್ಯೇಕವಾಗಿ ಬರೆದಿದೆ. ಆಧಾರ್ ವಿಷಯಕ್ಕೆ ಬಂದರೆ, 2018ರ ಸೆಪ್ಟೆಂಬರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಶಾಲಾ ಪ್ರವೇಶಕ್ಕೆ ಅದನ್ನು ಕಡ್ಡಾಯ ಮಾಡುವಂತಿಲ್ಲ ಎಂದಿದೆ.

ಹತ್ತು ವರ್ಷದ ಹುಡುಗಿಯನ್ನು ಯಾವ ತರಗತಿಗೆ ಎಂಬ ಪ್ರಶ್ನೆಗೆ 4ನೇ ಕಲಂ ಉತ್ತರ. ಅವಳ ವಯಸ್ಸಿನವರು ಓದುವ ತರಗತಿಗೇ ಸೇರಿಸಿ, ಹಿಂದುಳಿದದ್ದನ್ನು ವಿಶೇಷ ತರಬೇತಿಯಿಂದ ತುಂಬಿಸಬೇಕು. ಒಂದನೇ ತರಗತಿಯ ಪುಟ್ಟ ಮಕ್ಕಳ ನಡುವೆ ಕೂರಿಸಿದರೆ ಅವಳು ಒಂದೇ ವಾರದಲ್ಲಿ ಓಡಿ ಬರುತ್ತಾಳೆ. ಹದಿನಾಲ್ಕು ತುಂಬಿದರೂ ಎಂಟನೇ ತರಗತಿ ಮುಗಿಯುವವರೆಗೆ ಶಿಕ್ಷಣ ಉಚಿತ.

ಆ ತಾಯಿಯ ಜೊತೆ ನಾಲ್ಕನೇ ಸಲ ನಮ್ಮ ಜಮಾಅತಿನ ನಿವೃತ್ತ ಮೇಷ್ಟ್ರೊಬ್ಬರು ಹೋದರು. ಒಂದು ಅರ್ಜಿ ಬರೆದು, ಸೇರಿಸಿಕೊಳ್ಳಲು ಆಗುವುದಿಲ್ಲವೆಂದರೆ ಕಾರಣವನ್ನು ಲಿಖಿತವಾಗಿ ಕೊಡಿ ಎಂದು ಮೆಲ್ಲಗೆ ಕೇಳಿದರು. ಜಗಳವಾಗಲಿಲ್ಲ, ಮಗುವಿನ ಹೆಸರು ಅಂದೇ ಹಾಜರಿ ಪುಸ್ತಕಕ್ಕೆ ಬಂತು. ನಮ್ಮ ಅನುಭವದಲ್ಲಿ ಶಿಕ್ಷಕರು ಕೆಟ್ಟವರಲ್ಲ. ದಾಖಲೆಯಿಲ್ಲದ ಮಗುವಿನಿಂದ ಮುಂದೆ ತಮಗೆ ತೊಂದರೆಯಾದೀತೆಂಬ ಭಯ ಅವರಿಗೂ ಇರುತ್ತದೆ. ಕೇಳದಿದ್ದರೆ ಕ್ಲಸ್ಟರಿನ ಸಿಆರ್‌ಪಿ, ಅವರ ಮೇಲೆ ಬಿಇಒ ಕಚೇರಿ ಇದೆ. ಓದು ಬರಹ ಬಲ್ಲ ಒಬ್ಬರು ಅರ್ಧ ದಿನ ರಜೆ ಹಾಕಿ ಜೊತೆಗೆ ಹೋಗುವುದು ಇಲ್ಲಿ ನೂರು ರೂಪಾಯಿಯ ನೋಟಿಗಿಂತ ದೊಡ್ಡ ಸದಕಾ.

ಒಂದು ಎಚ್ಚರಿಕೆ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರದ ಮಹತ್ವ ತುಂಬಾ ಹೆಚ್ಚಾಗಿದೆ. ಜನನ ನೋಂದಣಿಗೆ 21 ದಿನಗಳ ಅವಧಿ ಇದೆ. ಒಂದು ವರ್ಷ ದಾಟಿದರೆ ಅಧಿಕಾರಿಯ ಆದೇಶ, ಅಫಿಡವಿಟ್ಟು ಎಂದು ಅಲೆದಾಟ ಶುರು. ಮನೆಯಿಲ್ಲದ ಕುಟುಂಬದಲ್ಲಿ ಮಗು ಹುಟ್ಟಿ ಕಿವಿಯಲ್ಲಿ ಅಝಾನ್ ಹೇಳಲು ನಮ್ಮನ್ನು ಕರೆದರೆ ಅಲ್ಲೇ ನೋಂದಣಿಯ ವಿಷಯವನ್ನೂ ಕೇಳುತ್ತೇವೆ. ಇತರ ಮಸೀದಿಗಳ ಇಮಾಮರೂ ಮುಅಝ್ಝಿನರೂ ಹೀಗೆ ಮಾಡಬೇಕೆಂದು ವಿನಂತಿ.

ಮನೆಯವರ ಭಯದ ಬಗ್ಗೆಯೂ ಹೇಳಬೇಕು. ಅಧಿಕಾರಿಗಳಿಗೆ ಹೆಸರು ಕೊಟ್ಟರೆ ಮಕ್ಕಳನ್ನು ರಿಮ್ಯಾಂಡ್ ಹೋಮಿಗೆ ಎಳೆದೊಯ್ಯುತ್ತಾರೆ, ತಮ್ಮನ್ನು ಭಿಕ್ಷುಕರ ಕಾಲನಿಗೆ ಹಾಕುತ್ತಾರೆ ಎಂದು ಅವರು ಹೆದರುತ್ತಾರೆ. ರಾಜ್ಯದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇರುವುದರಿಂದ ಆ ಭಯ ಆಧಾರವಿಲ್ಲದ್ದಲ್ಲ. ಆದರೆ 2015ರ ಬಾಲನ್ಯಾಯ ಕಾಯ್ದೆಯ ತತ್ವವೇನೆಂದರೆ ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿ. ತಾಯಿಯನ್ನೂ ಮಗುವನ್ನೂ ಬೇರ್ಪಡಿಸಿದವನನ್ನು ಅಲ್ಲಾಹನು ಕಿಯಾಮತ್ ದಿನ ಅವನ ಪ್ರಿಯರಿಂದ ಬೇರ್ಪಡಿಸುವನೆಂಬ ಅರ್ಥದ ಹದೀಸ್ ತಿರ್ಮಿದಿಯಲ್ಲಿದೆ. ಯುದ್ಧ ಕೈದಿಗಳ ಸಂದರ್ಭದಲ್ಲೇ ಇಷ್ಟು ಕಠಿಣ ಮಾತು ಬಂದಿರುವಾಗ, ಬಡತನದ ಕಾರಣಕ್ಕೆ ತಾಯಿಯಿಂದ ಮಗುವನ್ನು ಬಿಡಿಸಿ "ಯತೀಮ್‌ಖಾನೆಗೆ ಸೇರಿಸಿಬಿಡಿ" ಎಂದು ಸುಲಭವಾಗಿ ಹೇಳುವವರು ಯೋಚಿಸಬೇಕು. ಈ ಮಕ್ಕಳಲ್ಲಿ ಹೆಚ್ಚಿನವರಿಗೆ ತಾಯಿ ಇದ್ದಾಳೆ, ಇಲ್ಲದಿರುವುದು ಮನೆ. ತಾಯಿ ವಿಧವೆಯೋ ಗಂಡ ಬಿಟ್ಟವಳೋ ಆಗಿದ್ದರೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ ಮಗುವನ್ನು ತನ್ನ ಬಳಿಯೇ ಇಟ್ಟುಕೊಂಡು ಓದಿಸಲು ತಿಂಗಳಿಗೆ 4,000 ರೂಪಾಯಿ ಪಡೆಯಲು ಅವಕಾಶವಿದೆ. ಆದಾಯದ ಮಿತಿ ಇದೆ, ಆಯ್ಕೆಯೂ ಇದೆ. ಅರ್ಜಿಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಕೇಳಬೇಕು. ಮಗು ನಿಜವಾಗಿಯೂ ಒಬ್ಬಂಟಿಯಾಗಿದ್ದರೆ, ಅಥವಾ ಅಪಾಯದಲ್ಲಿದ್ದರೆ 1098ಕ್ಕೆ ಫೋನ್ ಮಾಡಿ.

ಹೆಸರು ಹಾಜರಿಗೆ ಬಂದ ಮೇಲೆ ಮಗು ಶಾಲೆಯಲ್ಲಿ ಉಳಿಯುವುದು ಇನ್ನೂ ಕಷ್ಟದ ಕೆಲಸ. ಮಧ್ಯಾಹ್ನದ ಊಟ, ಹಾಲು, ಪುಸ್ತಕ, ಸಮವಸ್ತ್ರ ಸರ್ಕಾರಿ ಶಾಲೆಯಲ್ಲಿ ಸಿಗುತ್ತದೆ. ಸಂಜೆ ನಾಲ್ಕೂವರೆಯ ನಂತರ ಏನು? ಟಾರ್ಪಾಲಿನ ಕೆಳಗೆ ದೀಪವಿಲ್ಲ. ಒಂದು ಮಳೆ ಬಂದರೆ ಪುಸ್ತಕ ಮುದ್ದೆ. ಬೆಳಿಗ್ಗೆ ಸ್ನಾನಕ್ಕೆ ನೀರಿಲ್ಲ, ಬಟ್ಟೆ ಒಗೆದು ಒಣಹಾಕಲು ತಂತಿ ಇಲ್ಲ. ಮೈ ವಾಸನೆ ಎಂದು ಪಕ್ಕದವರು ಸರಿದು ಕೂರುತ್ತಾರೆ. ದೊಡ್ಡ ದೊಡ್ಡ ಯೋಜನೆಗಳು ಈ ಸಣ್ಣ ಜಾಗಗಳಲ್ಲಿ ಸೋಲುತ್ತವೆ. ಆದರೆ ಇವೆಲ್ಲ ನಮ್ಮ ಮಸೀದಿಯಲ್ಲಿವೆ! ವುಝೂ ಖಾನೆ, ಗುಸಲ್‌ಖಾನೆ, ಫ್ಯಾನು, ದೀಪ, ಅಸರ್‌ನಿಂದ ಇಶಾವರೆಗೆ ಖಾಲಿ ಬಿದ್ದಿರುವ ಮದ್ರಸಾ ಕೋಣೆ. ನಮ್ಮಲ್ಲಿ ಆ ಕೋಣೆಯಲ್ಲಿ ಕಬ್ಬಿಣದ ಒಂದು ಟ್ರಂಕು ಇಟ್ಟಿದ್ದೇವೆ. ಮಕ್ಕಳ ಪುಸ್ತಕಗಳು ಅದರಲ್ಲೇ ಉಳಿಯುತ್ತವೆ, ಬೆಳಿಗ್ಗೆ ಕೈಕಾಲು ಮುಖ ತೊಳೆದು ಬ್ಯಾಗು ತೆಗೆದುಕೊಂಡು ಹೋಗುತ್ತಾರೆ. ಪಿಯುಸಿ, ಡಿಗ್ರಿ ಓದುವ ಯುವಕರು ಸಂಜೆ ಸರದಿಯಲ್ಲಿ ಮನೆಪಾಠ ಮಾಡಿಸುತ್ತಾರೆ. ಹೆಣ್ಣುಮಕ್ಕಳಿಗೆ ಒಬ್ಬ ಸಹೋದರಿ ತಮ್ಮ ಮನೆಯ ಹಜಾರವನ್ನೇ ಬಿಟ್ಟುಕೊಟ್ಟಿದ್ದಾರೆ.

ಮಕ್ತಬ್ ಮತ್ತು ಶಾಲೆಯ ನಡುವೆ ಮಗು ಒಂದನ್ನು ಆರಿಸಬೇಕಾದ ಸ್ಥಿತಿ ತರಬೇಡಿ. ಮಕ್ತಬನ್ನು ಕಾಯ್ದೆ ಶಾಲೆಯೆಂದು ಲೆಕ್ಕಿಸುವುದಿಲ್ಲ, ಆದ್ದರಿಂದ ಕುರ್‌ಆನ್ ಪಾಠವನ್ನು ಶಾಲೆಯ ಸಮಯಕ್ಕೆ ಇಡದಿರುವುದು ಕಮಿಟಿಯವರ ಹೊಣೆ. ಇನ್ನೊಂದು ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಉರ್ದು ನಮಗೂ ಪ್ರಿಯ, ನಾವು ಓದಿದ್ದು ಅದರಲ್ಲೇ. ಆದರೂ ಉರ್ದು ಶಾಲೆ ಎರಡು ಮೈಲಿ ದೂರದಲ್ಲಿದ್ದು ಕನ್ನಡ ಶಾಲೆ ಪಕ್ಕದ ಬೀದಿಯಲ್ಲಿದ್ದರೆ ಈ ಮಕ್ಕಳನ್ನು ಪಕ್ಕದ ಬೀದಿಗೇ ಕಳುಹಿಸಿ. ಎರಡು ಮೈಲಿ ನಡೆಸಲು ಆ ತಾಯಿಗೆ ಪುರುಸೊತ್ತಿಲ್ಲ.

ಹತ್ತು ವರ್ಷದ ಅಕ್ಕ ಶಾಲೆ ಬಿಡುವುದು ಹೆಚ್ಚಾಗಿ ತಮ್ಮನನ್ನು ನೋಡಿಕೊಳ್ಳಲು. ತಮ್ಮನನ್ನು ಅಂಗನವಾಡಿಗೆ ಸೇರಿಸಿದರೆ ಅಕ್ಕನ ಶಾಲೆ ಉಳಿಯುತ್ತದೆ. ಹಳ್ಳಿಗಳಲ್ಲಾದರೆ ಗ್ರಾಮ ಪಂಚಾಯಿತಿಯ ಕೂಸಿನ ಮನೆ ಇದೆ. ನಮ್ಮ ಓದುಗರಲ್ಲಿ ಮೇಸ್ತ್ರಿಗಳೂ ಕಂಟ್ರಾಕ್ಟರರೂ ಗುಜರಿ ಅಂಗಡಿಯವರೂ ಇದ್ದಾರೆ. ಈ ಕುಟುಂಬಗಳಲ್ಲಿ ಬಹಳಷ್ಟು ನಿಮ್ಮ ಸೈಟಿನಲ್ಲೇ, ನಿಮ್ಮ ಅಂಗಡಿಯ ಹಿಂದೆಯೇ ಇವೆ. ಐವತ್ತಕ್ಕಿಂತ ಹೆಚ್ಚು ಹೆಣ್ಣಾಳುಗಳಿರುವ ಕಟ್ಟಡ ಕೆಲಸದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೋಣೆ ಇರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು. ವರ್ಷದಲ್ಲಿ 90 ದಿನ ಕೆಲಸ ಮಾಡಿದ ಆಳನ್ನು ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿದರೆ ಅವರ ಮಕ್ಕಳ ಓದಿಗೆ ಧನಸಹಾಯಕ್ಕೆ ಅರ್ಜಿ ಹಾಕಬಹುದು. 90 ದಿನ ದುಡಿದದ್ದಕ್ಕೆ ನಿಮ್ಮ ಸಹಿ ಬೇಕು, ಅದಕ್ಕೆ ಅವರನ್ನು ಅಲೆದಾಡಿಸಬೇಡಿ. ಶಾಲೆಯ ಹೊತ್ತಿನಲ್ಲಿ ಮಗು ಚಿಂದಿ ತಂದರೆ ತೂಕ ಹಾಕಬೇಡಿ. ನೀವು ತೂಗದಿದ್ದರೆ ಅದು ತರುವುದಿಲ್ಲ.

ಝಕಾತ್ ಪ್ರಶ್ನೆ ಉಳಿಯಿತು. ಹನಫಿ ಫಿಕ್ಹ್‌ನಲ್ಲಿ ಝಕಾತ್ ಸಲ್ಲಬೇಕಾದರೆ ಬಡವರನ್ನು ಅದರ ಮಾಲೀಕರನ್ನಾಗಿ ಮಾಡಬೇಕು. ಆದ್ದರಿಂದ ಪಾಠ ಹೇಳುವವರ ಸಂಬಳ, ಕೋಣೆಯ ಬಾಡಿಗೆ, ಟ್ರಂಕು, ಕರೆಂಟ್ ಬಿಲ್ಲು ಇವುಗಳಿಗೆ ಝಕಾತ್ ಬಳಸಬೇಡಿ. ಅದಕ್ಕೆ ಸದಕಾ ಮತ್ತು ಚಂದಾ ಹಣ ಇರಲಿ. ಪುಸ್ತಕ, ಬೂಟು, ಸೈಕಲ್ಲು, ಶುಲ್ಕದ ಹಣ ಇವನ್ನು ಝಕಾತ್‌ನಿಂದ ತಾಯಿಯ ಕೈಗೆ, ಅಥವಾ ತಿಳಿವಳಿಕೆ ಬಂದ ಮಗುವಿನ ಕೈಗೆ, ಅವರದೇ ಸೊತ್ತಾಗಿ ಕೊಡಿ. ಶಾಫಿಈ ಮಝ್‌ಹಬಿನ ಸಹೋದರರು ವಿವರಗಳನ್ನು ತಮ್ಮ ಉಸ್ತಾದರಲ್ಲಿ ಕೇಳಿಕೊಳ್ಳಲಿ. ಟಾರ್ಪಾಲುಗಳ ಸಾಲಿನಲ್ಲಿ ಮುಸ್ಲಿಮೇತರ ಮಕ್ಕಳೂ ಇದ್ದಾರೆ, ಅವರಿಗೆ? ನಮ್ಮ ಹೆಚ್ಚಿನ ಫುಕಹಾಗಳ ಪ್ರಕಾರ ಝಕಾತ್ ಮುಸ್ಲಿಂ ಬಡವರಿಗೆ, ಆದರೆ ಸದಕಾಕ್ಕೆ ಆ ಗಡಿ ಇಲ್ಲ. ಮನೆಪಾಠದ ಕೋಣೆ ಸದಕಾದಿಂದ ನಡೆಯುವುದರಿಂದ ಅಲ್ಲಿ ಯಾವ ಮಗುವಿಗೂ ಬಾಗಿಲು ಹಾಕಿಲ್ಲ.

ಕೊನೆಯ ಪ್ರಶ್ನೆ ಗುಳೆ ಬಂದವರದ್ದು. ಅವರು ಸುಗ್ಗಿ ಮುಗಿಸಿ ಬಂದು, ಮಳೆ ಶುರುವಾಗುವಾಗ ಬಿತ್ತನೆಗೆ ಊರಿಗೆ ಹೋಗುತ್ತಾರೆ. ಮಗುವಿಗೆ ಒಂದೇ ವರ್ಷದಲ್ಲಿ ಎರಡು ಊರು, ಎರಡು ಶಾಲೆ. ರಾಜ್ಯದ ಶಾಲೆಗಳಲ್ಲಿ ಪ್ರತಿ ಮಗುವಿಗೂ ಒಂದು ಸ್ಯಾಟ್ಸ್ ಸಂಖ್ಯೆ ಇರುತ್ತದೆ, ಶಾಲೆ ಬದಲಾದರೂ ಅದು ಬದಲಾಗುವುದಿಲ್ಲ. ಊರಿಗೆ ಹೊರಡುವ ವಾರ ಮೊದಲೇ ಮುಖ್ಯ ಶಿಕ್ಷಕರಿಂದ ಆ ಸಂಖ್ಯೆಯನ್ನು ಬರೆಸಿಕೊಂಡು, ಟಿಸಿಗೆ ಅರ್ಜಿ ಕೊಟ್ಟು, ಎರಡನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಾಯಿಯ ಕೈಗೆ ಕೊಡಬೇಕು. ಇದರ ಒಂದು ಪ್ರತಿ ನಮ್ಮ ಟ್ರಂಕಿನಲ್ಲೂ ಇರುತ್ತದೆ. ಈ ಕುಟುಂಬಗಳು ಹೊರಡುವ ದಿನ ಹತ್ತಿರ ಬಂದಿದೆ. ಈ ಕೆಲಸಕ್ಕೆ ಎರಡು ಬೆಳಿಗ್ಗೆ ಬಿಡುವು ಮಾಡಿಕೊಳ್ಳಬಲ್ಲ ಸಹೋದರರು ಅಸರ್ ನಮಾಝಿನ ನಂತರ ಮದ್ರಸಾ ಕೋಣೆಗೆ ಬರಲಿ.